ಉಸಿರಿಗೆ ಜಾಗ ಬಿಟ್ಟು ಅಳತೆ ತೆಗೆಯಿರಿ

ತುಮಕೂರಿನಲ್ಲಿ ಹೊಲಿಗೆ ಅಂಗಡಿ ನಡೆಸುವ, ಸ್ವತಃ ಟ್ರಾನ್ಸ್ ಪುರುಷರಾದ (ಹುಟ್ಟಿದಾಗ ಹೆಣ್ಣೆಂದು ಬರೆಸಿದರೂ ಗಂಡಾಗಿ ಬದುಕುವ) ನಮ್ಮ ಅಂಕಣಕಾರರು ಈ ಬಾರಿ ಎದೆ ಬೈಂಡರ್, ಅಂದರೆ ಎದೆ ಚಪ್ಪಟೆಯಾಗಿ ಕಾಣಲು ಹಾಕುವ ಬಿಗಿಯಾದ ಒಳಉಡುಪಿನ ಕುರಿತು ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಅಣ್ಣಾ, ನನಗೆ 23 ವರ್ಷ. ಊರು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಹುಟ್ಟಿದಾಗ ಹೆಣ್ಣೆಂದು ಬರೆಸಿದರು, ಆದರೆ ನಾನು ಗಂಡು ಎಂಬುದು ಬುದ್ಧಿ ಬಂದಾಗಿನಿಂದ ನನಗೆ ಗೊತ್ತು. ಡಿಪ್ಲೊಮಾ ಓದುವಾಗ ಎದೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದೆ. ಈಗ ಸಂಬಳ ಕೂಡಿಟ್ಟು ಬೈಂಡರ್ ತರಿಸಿದ್ದೇನೆ. ಎದೆ ಇನ್ನಷ್ಟು ಚಪ್ಪಟೆಯಾಗಲಿ ಎಂದು ಒಂದು ಅಳತೆ ಚಿಕ್ಕದನ್ನೇ ಆರಿಸಿದೆ. ಹಾಕಿಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂರನೆಯ ಮಹಡಿ ಹತ್ತಿದರೆ ಏದುಸಿರು, ಎಡಪಕ್ಕೆಯಲ್ಲಿ ನೋವು. ಬೆಳಿಗ್ಗೆ ಆರೂವರೆಗೆ ಹಾಕಿದರೆ ಪಿ.ಜಿ.ಯಲ್ಲಿ ಎಲ್ಲರೂ ಮಲಗಿದ ಮೇಲೆ ತೆಗೆಯುತ್ತೇನೆ. ಕೆಲವು ದಿನ ಹಾಗೆಯೇ ಮಲಗಿಬಿಡುತ್ತೇನೆ. ಸ್ವಲ್ಪ ದಿನ ತಡೆದುಕೊಂಡರೆ ಮೈಗೆ ಒಗ್ಗುತ್ತದೆ ಎಂದು ಗೆಳೆಯನೊಬ್ಬ ಹೇಳುತ್ತಾನೆ. ನಿಜವೇ? ಮತ್ತೆ ಬ್ಯಾಂಡೇಜಿಗೇ ಹೋಗಲೇ?

ಉತ್ತರ: ತಮ್ಮಾ, ಎರಡಕ್ಕೂ ಉತ್ತರ ‘ಬೇಡ’. ಹೊಸ ಚಪ್ಪಲಿ ನಾಲ್ಕು ದಿನ ಕಚ್ಚಿ ಆಮೇಲೆ ಕಾಲಿಗೆ ಒಗ್ಗುತ್ತದೆ, ಅದೇ ಲೆಕ್ಕವನ್ನು ನಿನ್ನ ಗೆಳೆಯ ಪಕ್ಕೆಲುಬಿಗೂ ಹಾಕಿದ್ದಾನೆ. ಪಕ್ಕೆಲುಬು ಹಾಗೆ ಒಗ್ಗುವುದಿಲ್ಲ. ಬೈಂಡರ್ ಹೊಸದಾದಾಗ ಮೈಯನ್ನು ಅಪ್ಪಿ ಹಿಡಿದಂತೆ ಅನ್ನಿಸುವುದು, ಬೆನ್ನಿಗೆ ಏನೋ ಅಂಟಿಕೊಂಡಿದೆ ಎಂದು ಪದೇಪದೇ ನೆನಪಾಗುವುದು ಸಹಜ, ಅದು ಕೆಲವು ದಿನಗಳಲ್ಲಿ ಮರೆತುಹೋಗುತ್ತದೆ. ನೋವು, ಏದುಸಿರು, ತಲೆಸುತ್ತು, ಕೈ ಜೋಮು ಹಿಡಿಯುವುದು ಇವು ಒಗ್ಗಿಸಿಕೊಳ್ಳಬೇಕಾದ ಸಂಗತಿಗಳಲ್ಲ. ಇವುಗಳಲ್ಲಿ ಯಾವುದು ಕಂಡರೂ ಎಲ್ಲಿದ್ದರೂ ಒಂದು ಮರೆ ಹುಡುಕಿ ಬೈಂಡರ್ ತೆಗೆಯಬೇಕು.

ಮೊದಲ ಕೆಲಸ, ಆ ಚಿಕ್ಕ ಅಳತೆಯ ಬೈಂಡರನ್ನು ಎತ್ತಿಡು. ಬದಲಾಯಿಸಲು ಅವಕಾಶವಿದ್ದರೆ ಬದಲಾಯಿಸಿಕೋ. ಪಕ್ಕೆ ನೋವು ಪೂರ್ತಿ ಹೋಗುವ ತನಕ ಎದೆಗೆ ಯಾವ ಬಿಗಿತವೂ ಬೇಡ. ಕೆಲವು ದಿನ ಬಿಟ್ಟರೂ ದೀರ್ಘವಾಗಿ ಉಸಿರೆಳೆದಾಗ ಚುಚ್ಚಿದಂತಾಗುತ್ತಿದ್ದರೆ ವೈದ್ಯರಿಗೆ ತೋರಿಸು. ಅಲ್ಲಿ ನಿನ್ನ ಬದುಕಿನ ಕಥೆಯನ್ನೆಲ್ಲ ಹೇಳಬೇಕೆಂದೇನೂ ಇಲ್ಲ. ‘ಎದೆಯ ಮೇಲೆ ಬಹಳ ಬಿಗಿಯಾದ ಒಳಉಡುಪು ಹಾಕುತ್ತಿದ್ದೆ, ಅಲ್ಲಿಂದ ಈ ನೋವು’ ಎಂದರೆ ಸಾಕು, ಅವರಿಗೆ ಎಲ್ಲಿ ಮುಟ್ಟಿ ನೋಡಬೇಕೆಂದು ತಿಳಿಯುತ್ತದೆ. ಆದರೆ ಬೈಂಡರ್ ತೆಗೆದ ಮೇಲೂ ಉಸಿರಾಟ ಸುಧಾರಿಸದಿದ್ದರೆ, ಎದೆನೋವು ನಿಲ್ಲದಿದ್ದರೆ, ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಹೋಗು.

ಇನ್ನು ಬ್ಯಾಂಡೇಜ್. ಬಟ್ಟೆಯ ಗುಣ ಹೇಳುವುದು ನನ್ನ ಕಸುಬಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ರೇಪ್ ಬ್ಯಾಂಡೇಜ್ ಇರುವುದು ಉಳುಕಿದ ಕಣಕಾಲಿಗೆ. ಕಣಕಾಲು ಉಸಿರಾಡುವುದಿಲ್ಲ, ಎದೆ ಉಸಿರಾಡುತ್ತದೆ. ಸುತ್ತಿದ ಪಟ್ಟಿ ನಡೆದಾಡುವಾಗ ಜರುಗುತ್ತದೆ, ಅಂಚು ಸುರುಳಿಯಾಗಿ ಹಗ್ಗದಂತಾಗುತ್ತದೆ. ನೀನು ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಸಡಿಲವಾದ ಸುತ್ತುಗಳು ಆಗ ಒಳಕ್ಕೆ ಎಳೆದುಕೊಳ್ಳುತ್ತವೆ, ಮತ್ತೆ ಉಸಿರೆಳೆದಾಗ ಅಷ್ಟು ಜಾಗ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಸುತ್ತಿದ ಬಿಗಿತ ಸಂಜೆಗೆ ಅದೇ ಬಿಗಿತವಾಗಿರುವುದಿಲ್ಲ. ಪ್ಯಾಕಿಂಗ್ ಟೇಪ್, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ, ಬಾಣಂತಿಯರ ಹೊಟ್ಟೆ ಬೆಲ್ಟನ್ನು ಮೇಲಕ್ಕೆಳೆದು ಕಟ್ಟುವುದು, ಒಂದರ ಮೇಲೊಂದು ಎರಡು ಸ್ಪೋರ್ಟ್ಸ್ ಬ್ರಾ ಹಾಕುವುದು, ಇವನ್ನೆಲ್ಲ ನನ್ನ ಅಂಗಡಿಗೆ ಬಂದ ಹುಡುಗರ ಮೈಮೇಲೆ ಕಂಡಿದ್ದೇನೆ. ಒಬ್ಬನ ಬೆನ್ನ ಮೇಲೆ ಬ್ಯಾಂಡೇಜಿನ ಕೊಕ್ಕೆ ಕೂತ ಜಾಗದಲ್ಲಿ ಎರಡು ಕಪ್ಪು ಗುಂಡಿಗಳಂತಹ ಗುರುತು ಕಾಯಂ ಆಗಿ ಉಳಿದಿತ್ತು. ಬೆನ್ನಿನ ಅಳತೆ ತೆಗೆಯುವಾಗ ಟೇಪು ಅದರ ಮೇಲೆ ಬಂದರೆ ಆತ ಬೆಚ್ಚುತ್ತಿದ್ದ.

ಸರಿಯಾಗಿ ಹೊಲಿದ ಬೈಂಡರಿನಲ್ಲಿ ಮುಂಭಾಗದ ಬಟ್ಟೆ ಹಿಗ್ಗುವುದಿಲ್ಲ. ಅದು ಎದೆಯನ್ನು ಸಮವಾಗಿ ಒತ್ತುತ್ತದೆ. ಹಿಂಭಾಗ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ನೇಯ್ದ ಬಟ್ಟೆ. ಅದು ಹಿಗ್ಗುತ್ತದೆ, ನೀನು ಉಸಿರೆಳೆದಾಗ ಪಕ್ಕೆಲುಬು ಅರಳಲು ಬೇಕಾದ ಜಾಗವನ್ನು ಹಿಂದಿನಿಂದ ಕೊಡುತ್ತದೆ. ಒಂದು ಅಳತೆ ಚಿಕ್ಕದು ತೆಗೆದುಕೊಂಡಾಗ ಆಗುವುದು ಇಷ್ಟೇ: ಹಾಕಿಕೊಳ್ಳುವಾಗಲೇ ಹಿಂದಿನ ಬಟ್ಟೆ ಹಿಗ್ಗುವಷ್ಟೂ ಹಿಗ್ಗಿ ಮುಗಿದಿರುತ್ತದೆ. ಉಸಿರಿಗೆ ಉಳಿಯುವುದು ಸೊನ್ನೆ. ಎದೆ ಹೆಚ್ಚು ಚಪ್ಪಟೆಯಾಗುವುದೂ ಇಲ್ಲ, ಬದಲಿಗೆ ಕಂಕುಳ ಬಳಿ ಮಾಂಸ ಉಬ್ಬಿ ಅಂಗಿಯ ಮೇಲೆ ಇನ್ನಷ್ಟು ಎದ್ದು ಕಾಣುತ್ತದೆ.

ಅಳತೆ ನೀನೇ ತೆಗೆಯಬಹುದು. ಹೊಲಿಗೆ ಟೇಪು ಬೇಕು. ಕಬ್ಬಿಣದ ಟೇಪಿನಿಂದ ಯಾರೂ ಮೈ ಅಳೆಯಬೇಡಿ, ದಯವಿಟ್ಟು. ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲು, ಎದೆಯ ಅತಿ ತುಂಬಿದ ಭಾಗದ ಸುತ್ತ ಟೇಪು ನೆಲಕ್ಕೆ ಸಮಾನವಾಗಿ ಬರಲಿ, ಬಿಗಿಯಬೇಡ, ಉಸಿರು ಹಿಡಿಯಬೇಡ. ಭುಜದಿಂದ ಭುಜದ ಅಗಲವನ್ನೂ ಬರೆದುಕೋ. ಪ್ರತಿ ತಯಾರಕರ ಪಟ್ಟಿ ಬೇರೆ. ಒಬ್ಬರ ‘ಎಂ’ ಇನ್ನೊಬ್ಬರ ‘ಎಸ್’ ಆಗಿರುತ್ತದೆ, ಆದ್ದರಿಂದ ಅಂಕಿ ನೋಡು, ಅಕ್ಷರ ನೋಡಬೇಡ. ಎರಡು ಅಳತೆಗಳ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೋ. ಮೈ ತೂಕ ಬದಲಾದರೆ ಮತ್ತೆ ಅಳೆ.

ಬಂದ ಮೇಲೆ ಪರೀಕ್ಷೆ ಮಾಡು. ತೋಳಿನ ಅಂಚಿನಲ್ಲೂ ಕೆಳಗಿನ ಅಂಚಿನಲ್ಲೂ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಎರಡೂ ಕೈಗಳನ್ನು ಬಸ್ಸಿನ ಕಂಬಿ ಹಿಡಿಯುವಂತೆ ಮೇಲೆತ್ತು. ಕುಳಿತು ಶೂ ದಾರ ಕಟ್ಟು. ಒಮ್ಮೆ ಆಕಳಿಸು. ಒಂದು ಉದ್ದದ ವಾಕ್ಯವನ್ನು ನಡುವೆ ನಿಲ್ಲಿಸದೆ ಗಟ್ಟಿಯಾಗಿ ಓದು. ಇವುಗಳಲ್ಲಿ ಯಾವುದಕ್ಕೆ ಅಡ್ಡಿಯಾದರೂ ಅದು ನಿನ್ನ ಅಳತೆಯಲ್ಲ.

ಹಾಕಿಕೊಳ್ಳುವ ಯುದ್ಧಕ್ಕೆ ಒಂದು ಉಪಾಯವಿದೆ. ಬೈಂಡರನ್ನು ಒಳಮಗ್ಗುಲು ಹೊರಗೆ ಮಾಡಿ, ತಲೆಕೆಳಗಾಗಿ ಹಿಡಿದು, ಪ್ಯಾಂಟು ಹಾಕುವಂತೆ ಕಾಲಿನ ಕಡೆಯಿಂದ ಏರಿಸು. ಅದರ ಕೆಳಗಿನ ಅಂಚು ಪಕ್ಕೆಯ ಮೇಲೆ ಸರಿಯಾದ ಜಾಗಕ್ಕೆ ಬಂದ ಮೇಲೆ ಉಳಿದದ್ದನ್ನು ಮೇಲಕ್ಕೆ ಮಗುಚಿ ಕೈ ತೂರಿಸು. ಸ್ನಾನವಾದ ತಕ್ಷಣ ಒದ್ದೆ ಮೈಮೇಲೆ ಎಳೆಯಲು ಹೋಗಬೇಡ, ಬಟ್ಟೆ ಅಂಟಿಕೊಂಡು ಭುಜ ಉಳುಕುತ್ತದೆ. ಹಾಕಿಯಾದ ಮೇಲೆ ಒಳಗೆ ಕೈ ಹಾಕಿ ಎದೆಯ ಭಾಗವನ್ನು ಕೆಳಕ್ಕೂ ಪಕ್ಕಕ್ಕೂ ಸರಿಸಿ ಸಮ ಮಾಡಿಕೋ. ನಡುವೆ ಗುಡ್ಡೆ ಸೇರಿದರೆ ಕಾಣುವುದೂ ಚೆನ್ನಲ್ಲ, ಒತ್ತಡವೂ ಒಂದೇ ಕಡೆ ಬೀಳುತ್ತದೆ.

ಅಭ್ಯಾಸದ ಮಾತಿಗೆ ಬರೋಣ. ಮೊದಲ ದಿನವೇ ಕಾರ್ಖಾನೆಗೆ ಹಾಕಿಕೊಂಡು ಹೋಗಬೇಡ. ರಜೆಯ ದಿನ ಕೋಣೆಯಲ್ಲಿ ಒಂದೆರಡು ಗಂಟೆ ಹಾಕಿ ನೋಡು, ಬೇಡವೆನ್ನಿಸಿದ ಕೂಡಲೇ ತೆಗೆಯುವ ಅನುಕೂಲ ಅಲ್ಲಿರುತ್ತದೆ. ದಿನ ಕಳೆದಂತೆ ಅರ್ಧ ಗಂಟೆ, ಒಂದು ಗಂಟೆ ಏರಿಸುತ್ತಾ ಹೋಗು. ಎಂಟು ಗಂಟೆ ಎಂಬುದು ಎಲ್ಲೆಡೆ ಹೇಳುವ ಮಿತಿ. ಅದು ಮುಟ್ಟಲೇಬೇಕಾದ ಗುರಿ ಎಂದು ತಿಳಿಯಬೇಡ. ನಿನ್ನ ಮೈ ಆರಕ್ಕೇ ಸಾಕೆಂದರೆ ಆರೇ ಸರಿ. ಮಲಗುವಾಗ ಎಂದಿಗೂ ಬೇಡ. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ ಎಂದು ತಿಳಿದು ತೆಗೆಯುವವರು ಯಾರು?

ಗಂಟೆಯಷ್ಟೇ ಮುಖ್ಯ ವಾರದ ಲೆಕ್ಕ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎದೆ ಕಟ್ಟಿಕೊಳ್ಳುವ 1,800 ಜನರನ್ನು ಕೇಳಿದ್ದರು. ಅವರಲ್ಲಿ ಶೇ 97ರಷ್ಟು ಮಂದಿ ಬೆನ್ನುನೋವು, ಎದೆನೋವು, ತುರಿಕೆ, ಮೈ ಕಾಯುವುದು ಹೀಗೆ ಯಾವುದಾದರೂ ಒಂದು ತೊಂದರೆಯನ್ನಾದರೂ ಹೇಳಿದರು. ಅದೇ ಜನ, ಕಟ್ಟಿಕೊಂಡಾಗ ಮನಸ್ಸಿಗೆ ಸಿಗುವ ನೆಮ್ಮದಿಯನ್ನೂ ಹೇಳಿದರು. ತೊಂದರೆಗಳ ಜೊತೆ ಎಲ್ಲಕ್ಕಿಂತ ಹೆಚ್ಚಾಗಿ ತಳುಕು ಹಾಕಿಕೊಂಡಿದ್ದು ವಾರಕ್ಕೆ ಎಷ್ಟು ದಿನ ಹಾಕುತ್ತಾರೆ ಎಂಬುದು. ಆದ್ದರಿಂದ ವಾರದಲ್ಲಿ ಒಂದು ದಿನವಾದರೂ, ಸಾಧ್ಯವಾದರೆ ಎರಡು ದಿನ, ಎದೆಗೆ ರಜೆ ಕೊಡು. ನಿನ್ನ ವಾರದ ರಜೆಯ ದಿನ ಬಟ್ಟೆ ಒಗೆದು ಮಲಗುವುದಕ್ಕೇ ಇದೆಯಲ್ಲ, ಅದೇ ಆಗಲಿ.

ನಿನ್ನ ದಿನಚರಿಯಲ್ಲಿ ತೊಡಕಿರುವುದು ಕೆಲಸದ ಹೊತ್ತಿಗಿಂತ ಅದರ ಆಚೀಚೆಯ ಹೊತ್ತಿನಲ್ಲಿ. ಪಾಳಿ ಎಂಟು ಗಂಟೆ, ಬಸ್ಸು, ಊಟ, ಪಿ.ಜಿ. ಸೇರಿಸಿದರೆ ಹದಿನಾರು. ಪ್ರಯಾಣಕ್ಕೆ ಮತ್ತು ಪಿ.ಜಿ.ಗೆ ಅಳತೆಗೆ ಸರಿಯಾದ ಒಂದೇ ಒಂದು ಸ್ಪೋರ್ಟ್ಸ್ ಬ್ರಾ, ಮೇಲೆ ಬನಿಯನ್, ಅದರ ಮೇಲೆ ಅಂಗಿ ಇರಲಿ. ಅಂಗಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳು. ತೆಳುವಾದ ರೇಯಾನ್, ಮೈಗಂಟುವ ಟೀ ಶರ್ಟ್ ಬೇಡ. ಸ್ವಲ್ಪ ಗಡಸಾದ ಹತ್ತಿ ಬಟ್ಟೆ, ಗಾಢ ಬಣ್ಣ, ಸಣ್ಣ ಚೌಕಳಿ, ಎದೆಯ ಎರಡೂ ಕಡೆ ಮುಚ್ಚಳವಿರುವ ಜೇಬು. ಜೇಬಿಗೆ ಎರಡು ಪದರ ಬಟ್ಟೆ ಬರುತ್ತದೆ, ಕಣ್ಣು ಜೇಬಿನ ಗೆರೆಯನ್ನು ಹಿಡಿಯುತ್ತದೆ. ದರ್ಜಿಗೆ ಹೊಲಿಯಲು ಕೊಟ್ಟರೆ ಡಾರ್ಟ್ (ಎದೆಯ ಉಬ್ಬಿಗೆ ತಕ್ಕಂತೆ ಹಿಡಿಯುವ ಮಡಿಕೆ) ಹಿಡಿಯಬಾರದು, ಪಕ್ಕದ ಹೊಲಿಗೆ ಕಂಕುಳಿನಿಂದ ನೇರ ಇಳಿಯಬೇಕು, ಭುಜದ ಹೊಲಿಗೆ ಭುಜದ ತುದಿಗೇ ಕೂರಬೇಕು ಎಂದು ಹೇಳು. ಎರಡು ಅಳತೆ ದೊಡ್ಡ ಅಂಗಿ ಹಾಕಿದರೆ ಮರೆಯಾಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಹಾಗೆ ಹಾಕಿದಾಗ ಬಟ್ಟೆ ಎದೆಯ ತುದಿಯಿಂದ ಪರದೆಯಾಗಿ ಇಳಿದು ಮರೆಮಾಚಬೇಕಾದ್ದನ್ನೇ ಎತ್ತಿ ತೋರಿಸುತ್ತದೆ. ಎದೆ ಕಾಣಬಾರದೆಂದು ಭುಜ ಮುಂದಕ್ಕೆ ಬಾಗಿಸಿ ಗೂನು ನಡೆಯುವುದನ್ನೂ ಬಿಡು. ಬೈಂಡರ್ ಹಾಕುವವರ ಬೆನ್ನುನೋವನ್ನು ಈ ಗೂನು ಇನ್ನಷ್ಟು ಹೆಚ್ಚಿಸುತ್ತದೆ.

ಬೈಂಡರ್ ತೆಗೆದ ಮೇಲೆ ಐದು ನಿಮಿಷ ನಿನಗಾಗಿ ಇಟ್ಟುಕೋ. ನಿಧಾನವಾಗಿ ನಾಲ್ಕೈದು ಸಲ ಹೊಟ್ಟೆ ತುಂಬ ಉಸಿರೆಳೆ, ಒಮ್ಮೆ ಕೆಮ್ಮು. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಆನಿಸಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಯ ಸ್ನಾಯುಗಳು ಬಿಡಿಸಿಕೊಳ್ಳುತ್ತವೆ. ಪಿ.ಜಿ.ಯಲ್ಲಿ ಇದನ್ನು ನೋಡಿದವರು ವ್ಯಾಯಾಮ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ನಿಜವಾದ ವ್ಯಾಯಾಮ, ಓಟ, ಕ್ರಿಕೆಟ್ ಇವುಗಳ ಹೊತ್ತಿಗೆ ಮಾತ್ರ ಬೈಂಡರ್ ಬೇಡ, ಸ್ಪೋರ್ಟ್ಸ್ ಬ್ರಾ ಸಾಕು. ಕಾರ್ಖಾನೆಯಲ್ಲಿ ಭಾರ ಎತ್ತುವ ಪಾಳಿ ಬಿದ್ದ ದಿನವೂ ಅದೇ ನಿಯಮ.

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ. ಏಪ್ರಿಲ್ ಬಂದರೆ ಬೈಂಡರಿನೊಳಗೆ ಮೈ ಬೇಯುತ್ತದೆ. ಎದೆಯ ಕೆಳಗೆ ಕೆಂಪು ದದ್ದು, ವಿಪರೀತ ತುರಿಕೆ. ಮೆಡಿಕಲ್ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನ ಕಡಿಮೆಯಾಗಿ ಮತ್ತೆ ಹೆಚ್ಚಾಗುತ್ತಿದೆ. ಬೈಂಡರ್ ಬದಲು ಎದೆಗೆ ಅಂಟಿಸುವ ಟೇಪ್ ಬಳಸಬಹುದೇ?

ಉತ್ತರ: ಆ ಮುಲಾಮಿನ ಕೊಳವೆಯನ್ನು ತಿರುಗಿಸಿ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಬೆವರಿನ ಮಡಿಕೆಯಲ್ಲಿ ಬೆಳೆದ ಶಿಲೀಂಧ್ರದ ಮೇಲೆ ಅದನ್ನು ಹಚ್ಚಿದರೆ ತುರಿಕೆ ಅಡಗುತ್ತದೆ, ಸೋಂಕು ಅಡಿಯಲ್ಲೇ ಹರಡುತ್ತದೆ. ನೀವು ಬರೆದಿರುವ ಲಕ್ಷಣ ಅದಕ್ಕೆ ಹೊಂದುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ಅವರು ಬರೆದ ಔಷಧವನ್ನು ಅವರು ಹೇಳಿದಷ್ಟು ದಿನ ಹಚ್ಚಿ, ದದ್ದು ವಾಸಿಯಾಗುವವರೆಗೆ ಬೈಂಡರ್ ನಿಲ್ಲಿಸಿ.

ಆಮೇಲೆ, ನಿಮ್ಮ ಊರಿನ ಬಿಸಿಲಿಗೆ ಬೆಂಗಳೂರಿನವರ ಎಂಟು ಗಂಟೆಯ ಲೆಕ್ಕ ಸಲ್ಲುವುದಿಲ್ಲ. 40 ಡಿಗ್ರಿ ದಾಟುವ ದಿನಗಳಲ್ಲಿ ಅಗತ್ಯವಿದ್ದ ಮೂರು ನಾಲ್ಕು ಗಂಟೆಗೆ ಮಾತ್ರ ಹಾಕಿ. ಹೊಟ್ಟೆಯವರೆಗೆ ಬರುವ ಉದ್ದದ ಬೈಂಡರಿಗಿಂತ ಪಕ್ಕೆಲುಬಿನ ಕೆಳಗೆ ಮುಗಿಯುವ ಗಿಡ್ಡ ಬೈಂಡರ್ ಮೇಲು. ಒಳಗೆ ತೆಳುವಾದ ಹತ್ತಿ ಬನಿಯನ್ ಹಾಕಿದರೆ ಬೆವರನ್ನು ಅದು ಹೀರುತ್ತದೆ, ಮಧ್ಯಾಹ್ನ ಬನಿಯನ್ ಬದಲಾಯಿಸಬಹುದು. ಬಾಯಾರಿಕೆಯಾದರೂ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಇರುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಎದೆ ಬಿಗಿದುಕೊಂಡು, ನೀರೂ ಬಿಟ್ಟು, ರಾಯಚೂರಿನ ಬಿಸಿಲಿನಲ್ಲಿ ನಡೆದರೆ ತಲೆಸುತ್ತಿ ಬೀಳುವುದು ಖಂಡಿತ.

ಟೇಪ್ ಎಂದರೆ ಕ್ರೀಡಾಪಟುಗಳು ಸ್ನಾಯುಗಳಿಗೆ ಹಚ್ಚುವ, ಹಿಗ್ಗುವ ಹತ್ತಿಯ ಪಟ್ಟಿ. ಅದನ್ನು ಎದೆಯ ಭಾಗವನ್ನು ಕಂಕುಳ ಕಡೆಗೆ ಸರಿಸಿ ಅಂಟಿಸುತ್ತಾರೆ. ಮೈ ಸುತ್ತ ಒಂದು ಸುತ್ತು ಬರುವಂತೆ ಮಾತ್ರ ಎಂದೂ ಅಂಟಿಸಬಾರದು. ಮೊದಲು ಒಂದು ಸಣ್ಣ ತುಂಡನ್ನು ಒಂದು ದಿನ ಅಂಟಿಸಿ ಚರ್ಮ ಒಪ್ಪುತ್ತದೆಯೇ ನೋಡಿ. ತೆಗೆಯುವಾಗ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ನೆನೆಯಲು ಬಿಟ್ಟು, ನಿಧಾನವಾಗಿ ಸುಲಿಯಿರಿ. ಒಣಗಿದ್ದನ್ನು ಸರ್ರನೆ ಕಿತ್ತರೆ ಚರ್ಮವೂ ಬರುತ್ತದೆ. ಈಗ ದದ್ದು ಇರುವ ಚರ್ಮದ ಮೇಲೆ ಟೇಪಿನ ಯೋಚನೆಯೇ ಬೇಡ.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಗೃಹಿಣಿ. ಕಾಲೇಜಿಗೆ ಹೋಗುವ 19 ವರ್ಷದ ಮಗಳ ಕಪಾಟಿನಲ್ಲಿ ಬನಿಯನ್ನಿನಂತಹ ಗಟ್ಟಿ ಬಟ್ಟೆಯೊಂದು ಸಿಕ್ಕಿತು. ಕೇಳಿದಾಗ ಅತ್ತು, ತಾನು ಹುಡುಗನೆಂದು ಹೇಳಿದಳು. ಅದನ್ನು ಹಾಕಿಕೊಂಡರೆ ಸ್ತನ ಕ್ಯಾನ್ಸರ್ ಬರುತ್ತದೆಯೇ? ಬಿಸಾಡಿಬಿಡಲೇ? ಯಾರಾದರೂ ವೈದ್ಯರಿಗೆ ತೋರಿಸಿದರೆ ಸರಿಹೋಗುತ್ತದೆಯೇ? ಅವಳ ತಂದೆಗೆ ಇನ್ನೂ ಹೇಳಿಲ್ಲ.

ಉತ್ತರ: ಅಕ್ಕಾ, ಬಿಸಾಡಬೇಡಿ. ಆ ಬಟ್ಟೆ ಹೋದರೆ ನಿಮ್ಮ ಮಗು ಎದೆ ಕಟ್ಟಿಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ದುಪ್ಪಟ್ಟಾ ಸುತ್ತಿಕೊಳ್ಳುತ್ತದೆ. ದುಪ್ಪಟ್ಟಾ ಏನು ಮಾಡುತ್ತದೆಂದು ಮೇಲೆ ಬ್ಯಾಂಡೇಜಿನ ಬಗ್ಗೆ ಬರೆದದ್ದನ್ನು ಓದಿದರೆ ತಿಳಿಯುತ್ತದೆ. ಬೈಂಡರಿನಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಎದೆ ಇರುವ ಎಲ್ಲರಿಗೂ ಗಂಟು ಬರಬಹುದು. ಗಂಟು ಕೈಗೆ ಸಿಕ್ಕರೆ, ನಾಚಿಕೆಯಿಂದ ಮುಚ್ಚಿಡದೆ ನಿಮ್ಮ ಬಳಿ ಹೇಳುವಂತಿರಬೇಕು. ಅಷ್ಟು ಸಲಿಗೆಯನ್ನು ನೀವು ಉಳಿಸಿಕೊಂಡರೆ ಬಟ್ಟೆಯ ಚಿಂತೆ ಅರ್ಧ ಕಡಿಮೆ.

ಅಸ್ತಮಾ ಇದೆಯೇ, ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆಯೇ ಎಂದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಇದ್ದರೆ ವೈದ್ಯರನ್ನು ಕೇಳದೆ ಬೈಂಡರ್ ಹಾಕುವುದು ಸರಿಯಲ್ಲ. ಆ ಭೇಟಿಗೆ ಕರೆದುಕೊಂಡು ಹೋಗಿ. ‘ಸರಿಮಾಡುತ್ತೇನೆ’ ಎನ್ನುವವರ ಬಳಿಗೆ ಮಾತ್ರ ಬೇಡ. ಮದರಾಸು ಹೈಕೋರ್ಟಿನ ಆದೇಶದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂತಹ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ, ವೈದ್ಯರು ಅದನ್ನು ಮಾಡುವಂತಿಲ್ಲ. ಮಗುವಿನ ಗುರುತಿನ ಮಾತನ್ನು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ತಾನು ಗಂಡೋ ಹೆಣ್ಣೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ. ನಿಮಗೇ ಯಾರ ಬಳಿಯಾದರೂ ಮನಸ್ಸು ಬಿಚ್ಚಬೇಕೆನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ತಂದೆಗೆ ಹೇಳುವ ಹೊತ್ತನ್ನು ನಿಮ್ಮ ಮಗು ನಿರ್ಧರಿಸಲಿ. ನಿಮ್ಮ ಮೇಲೆ ಭರವಸೆಯಿಟ್ಟು ಹೇಳಿದೆ, ಅದನ್ನು ಅಡುಗೆಮನೆಯ ಮಾತಾಗಿ ಮಾಡಬೇಡಿ. ಇನ್ನು ಕೈಲಾದರೆ ಒಂದು ಹೊಲಿಗೆ ಟೇಪು ಕೊಂಡು ಕೊಡಿ, ಸರಿಯಾದ ಅಳತೆಯದ್ದು ತೆಗೆದುಕೊಳ್ಳಲಿ.

ಪ್ರಶ್ನೆ: ವರ್ಷಗಟ್ಟಲೆ ಬೈಂಡರ್ ಹಾಕಿದರೆ ಎದೆ ತಾನಾಗಿಯೇ ಕರಗಿ ಶಸ್ತ್ರಚಿಕಿತ್ಸೆಯ ಅಗತ್ಯವೇ ಬರುವುದಿಲ್ಲವಂತೆ, ಹೌದೇ? (ಮಂಗಳೂರು)

ಉತ್ತರ: ಇಲ್ಲ. ಬೈಂಡರ್ ತೆಗೆದ ಮೇಲೆ ಎದೆ ಇದ್ದಲ್ಲೇ ಇರುತ್ತದೆ. ಬಹಳ ವರ್ಷ ಬಿಗಿಯಾಗಿ ಕಟ್ಟಿದರೆ ಚರ್ಮ ಜೋತುಬೀಳಬಹುದು, ಮುಂದೆ ಶಸ್ತ್ರಚಿಕಿತ್ಸೆ ಮಾಡಿಸುವ ಆಲೋಚನೆಯಿದ್ದರೆ ಅದು ಅಡ್ಡಿಯೇ. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯವರು ಹಾಕಲು ಹೇಳುವ ಒತ್ತುವ ಬನಿಯನ್ ಬೇರೆ, ಅದರ ಗಂಟೆಗಳನ್ನು ಶಸ್ತ್ರವೈದ್ಯರೇ ಹೇಳುತ್ತಾರೆ.

ಪ್ರಶ್ನೆ: ಒಗೆಯುವುದು ಹೇಗೆ? ಮನೆಯ ತಂತಿಯ ಮೇಲೆ ಹರವುವಂತಿಲ್ಲ. (ಹಾವೇರಿ)

ಉತ್ತರ: ತಣ್ಣೀರು, ಸ್ವಲ್ಪ ಸೋಪು, ಕೈಯಲ್ಲಿ ಮೆಲ್ಲಗೆ ಹಿಸುಕಿದರೆ ಸಾಕು. ಕಲ್ಲಿನ ಮೇಲೆ ಬಡಿಯಬೇಡಿ, ಬ್ರಷ್ ಬೇಡ, ಬ್ಲೀಚ್ ಬೇಡ. ಹಿಂಡುವ ಬದಲು ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ. ನೇರ ಬಿಸಿಲೂ ಇಸ್ತ್ರಿಯೂ ಸ್ಪ್ಯಾಂಡೆಕ್ಸಿನ ಎಳೆಯನ್ನು ಸಾಯಿಸುತ್ತವೆ, ಆದ್ದರಿಂದ ಕೋಣೆಯ ಫ್ಯಾನಿನ ಕೆಳಗೆ, ಕುರ್ಚಿಯ ಬೆನ್ನಿನ ಮೇಲೆ ದೊಡ್ಡ ಟೀ ಶರ್ಟಿನೊಳಗೆ ಹಾಕಿ ಒಣಗಿಸಬಹುದು, ಯಾರಿಗೂ ಕಾಣುವುದಿಲ್ಲ. ಪೂರ್ತಿ ಒಣಗದೆ ಹಾಕಬೇಡಿ. ಎರಡು ಇಟ್ಟುಕೊಳ್ಳಲು ಸಾಧ್ಯವಾದರೆ ಒಂದು ದಿನ ಬಿಟ್ಟು ಒಂದು ದಿನ ಬದಲಾಯಿಸಿ. ಹಿಂಭಾಗದ ಬಟ್ಟೆ ಎಳೆದು ಬಿಟ್ಟಾಗ ಮೊದಲಿನ ಅಳತೆಗೆ ಮರಳದಿದ್ದರೆ ಅದರ ಆಯುಸ್ಸು ಮುಗಿದಿದೆ. ಅದನ್ನು ಪಕ್ಕದಲ್ಲಿ ಹೊಲಿಗೆ ಹಿಡಿದು ಮತ್ತೆ ಬಿಗಿ ಮಾಡಿಕೊಡಿ ಎಂದು ದರ್ಜಿಯ ಬಳಿ ತರಬೇಡಿ, ನನ್ನ ಬಳಿ ತಂದರೂ ಹೊಲಿದುಕೊಡುವುದಿಲ್ಲ.